ಎಥನಾಲ್‌ನಲ್ಲಿ ಉಳಿಯುವ ಕೊನೆಯ ನೀರು

ಪ್ರಶ್ನೆ: ಎಥನಾಲನ್ನು ಎಷ್ಟು ಬಾರಿ ಬಟ್ಟಿ ಇಳಿಸಿದರೂ ಸ್ವಲ್ಪ ನೀರು ಉಳಿದೇ ಉಳಿಯುತ್ತದೆಂದೂ, ಅದನ್ನು ಜಿಯೊಲೈಟ್ ಪೊರೆಯಿಂದ ಸೋಸಿ ತೆಗೆಯಬಹುದೆಂದೂ ಓದಿದೆ. ಪೂರ್ತಿಯಾಗಿ ಬೆರೆತ ಎರಡು ದ್ರವಗಳನ್ನು ಸೋಸುವುದು ಹೇಗೆ? ಅದು ಸಾಧ್ಯವಿದ್ದರೆ ಬಟ್ಟಿ ಇಳಿಸುವುದನ್ನೇ ಬಿಡಬಹುದಲ್ಲವೆ?

ಉತ್ತರ: ಎಥನಾಲ್ ಸುಮಾರು 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದರೆ ತೂಕದಲ್ಲಿ ಶೇ. 95.6ರಷ್ಟು ಎಥನಾಲ್ ಇರುವ ಮಿಶ್ರಣವು ಅದಕ್ಕಿಂತಲೂ ತುಸು ಕೆಳಗೆ, 78.2 ಡಿಗ್ರಿಯ ಸುಮಾರಿಗೆ, ಒಂದೇ ವಸ್ತುವಿನಂತೆ ಕುದಿಯುತ್ತದೆ. ಅಜಿಯೊಟ್ರೋಪ್ ಎಂದು ಕರೆಯುವ ಈ ಸ್ಥಿತಿಯಲ್ಲಿ ಆವಿಯಲ್ಲೂ ದ್ರವದಲ್ಲೂ ನೀರಿನ ಪಾಲು ಸಮನಾಗಿರುವುದರಿಂದ ಸಾಮಾನ್ಯ ಒತ್ತಡದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿಯೂ ಪ್ರಯೋಜನವಿಲ್ಲ.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಎ ಬಗೆಯ ಸೋಡಿಯಂ ಜಿಯೊಲೈಟ್ ಎಂಬುದು ಅಲ್ಯುಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕಗಳ ಹರಳು. ಅದರ ರಂಧ್ರಗಳ ಅಗಲ ಸುಮಾರು 0.4 ನ್ಯಾನೊಮೀಟರ್. ನೀರಿನ ಅಣು 0.3 ನ್ಯಾನೊಮೀಟರಿಗೂ ಚಿಕ್ಕದು, ಎಥನಾಲಿನ ಅಣು 0.4ಕ್ಕಿಂತ ಸ್ವಲ್ಪ ದೊಡ್ಡದು. ಹೀಗೆಂದಾಕ್ಷಣ ಜರಡಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಅಂತರ ಇಷ್ಟು ಸಣ್ಣದಿರುವಾಗ ಆ ಹೋಲಿಕೆಯನ್ನು ಪೂರ್ತಿ ನಂಬಬಾರದೆಂಬುದು ನನ್ನ ಅಭಿಪ್ರಾಯ. ಈ ಹರಳಿನ ಚೌಕಟ್ಟಿನಲ್ಲಿ ಅಲ್ಯುಮಿನಿಯಂ ಸಿಲಿಕಾನ್‌ನಷ್ಟೇ ಇದ್ದು, ಅದರಿಂದಾಗುವ ಋಣ ವಿದ್ಯುದಂಶವನ್ನು ಸರಿದೂಗಿಸಲು ಸೋಡಿಯಂ ಅಯಾನುಗಳು ಒಳಗೆ ನೆಲೆಸಿರುತ್ತವೆ. ಅವು ನೀರನ್ನು ಬಲವಾಗಿ ಸೆಳೆಯುತ್ತವೆ. ಹೀಗೆ ಒಳಹೊಕ್ಕ ನೀರೇ ದಾರಿಯನ್ನು ತುಂಬಿಕೊಂಡು ಎಥನಾಲನ್ನು ಹೊರಗಿಡುತ್ತದೆ.

ಆದ್ದರಿಂದ ‘ಸೋಸುವುದು’ ಎಂಬ ಮಾತೂ ಅಷ್ಟು ಸರಿಯಲ್ಲ. ಪೊರೆಯ ಒಂದು ಬದಿಗೆ ಬಿಸಿ ದ್ರವವನ್ನು ಹರಿಸಿ, ಇನ್ನೊಂದು ಬದಿಯಲ್ಲಿ ನಿರ್ವಾತವನ್ನು ಕಾಯ್ದುಕೊಂಡರೆ, ನೀರು ಪೊರೆಯೊಳಗೆ ಹಾದು ಆವಿಯಾಗಿ ಹೊರಬೀಳುತ್ತದೆ. ಪರ್‌ವ್ಯಾಪೊರೇಶನ್ ಎಂಬ ಈ ವಿಧಾನದಲ್ಲಿ ಆವಿಯಾಗಬೇಕಾದದ್ದು ಹೆಚ್ಚುಕಡಿಮೆ ಆ ಅಲ್ಪ ನೀರು ಮಾತ್ರವಾದ್ದರಿಂದ ಶಾಖ ಉಳಿಯುತ್ತದೆ. ಬೆಂಜೀನಿನಂಥ ವಿಷಕಾರಿ ಮೂರನೆಯ ದ್ರವವನ್ನು ಬೆರೆಸುವ ಹಳೆಯ ಉಪಾಯವೂ ಬೇಕಾಗುವುದಿಲ್ಲ.

ನಿಜವಾದ ಕಷ್ಟವಿರುವುದು ಪೊರೆಯನ್ನು ಬೆಳೆಸುವುದರಲ್ಲಿ. ರಂಧ್ರಮಯ ಅಲ್ಯುಮಿನಾ ಕೊಳವೆಯ ಮೇಲೆ ಬೀಜಹರಳುಗಳನ್ನು ಲೇಪಿಸಿ, ಬಿಸಿ ದ್ರಾವಣದಲ್ಲಿಟ್ಟು, ಕೆಲವೇ ಮೈಕ್ರೊಮೀಟರ್ ದಪ್ಪದ ಪದರವನ್ನು ಬೆಳೆಸಬೇಕು. ಅಕ್ಕಪಕ್ಕದ ಹರಳುಗಳ ನಡುವೆ ಸಣ್ಣ ಬಿರುಕು ಉಳಿದರೂ ಎಥನಾಲ್ ಅಲ್ಲಿಂದಲೇ ನುಸುಳುತ್ತದೆ. ಆಮ್ಲ ತಗುಲಿದರೆ ಈ ಜಿಯೊಲೈಟಿನ ಚೌಕಟ್ಟೇ ಕುಸಿಯುವುದರಿಂದ ಆಮ್ಲೀಯ ಮಿಶ್ರಣಗಳಿಗೆ ಸಿಲಿಕಾನ್ ಹೆಚ್ಚಿರುವ ಬೇರೆ ಬಗೆಗಳನ್ನು ಆರಿಸುತ್ತಾರೆ.

ಬಟ್ಟಿಯನ್ನು ಬಿಡಲಾಗದಿರುವುದಕ್ಕೆ ಕಾರಣವೂ ಶಾಖವೇ. ಹುದುಗಿಸಿದ ದ್ರವದಲ್ಲಿ ಎಥನಾಲ್ ಸಾಮಾನ್ಯವಾಗಿ ಶೇ. 10ರ ಆಸುಪಾಸಿನಲ್ಲಿರುತ್ತದೆ, ಉಳಿದ ನೀರನ್ನೆಲ್ಲ ಪೊರೆಯ ಮೂಲಕ ಆವಿಯಾಗಿ ಎಳೆಯಹೊರಟರೆ ಮೇಲೆ ಹೇಳಿದ ಉಳಿತಾಯವೇ ಇಲ್ಲವಾಗುತ್ತದೆ. ಹಾಗಾಗಿ ಅಜಿಯೊಟ್ರೋಪಿನ ಹತ್ತಿರದವರೆಗೆ ಬಟ್ಟಿ ಇಳಿಸಿ, ಅಲ್ಲಿಂದಾಚೆಗಷ್ಟೇ ಪೊರೆಯನ್ನು ಬಳಸುವುದು ವಾಡಿಕೆ.