ತಾರೀಖುಗಳ ನಡುವಿನ ಗ್ಯಾಪ್ ಗ್ರಾಫಲ್ಲಿ ಕಾಣ್ಬೇಕು

ಪ್ರಶ್ನೆ: ನಮಸ್ತೆ. ಒಂದು ಬಾವಿಯ ನೀರಿನ ಮಟ್ಟದ ಡೇಟಾ ನನ್ನ ಹತ್ರ ಇದೆ. ಅಳತೆ ತಗೊಂಡಿರೋ ದಿನಗಳಿಗೆ ಲೆಕ್ಕಾಚಾರವೇ ಇಲ್ಲ, ಒಂದು ವಾರದಲ್ಲಿ ಮೂರು ಸಲ ಅಳೆದಿದಾರೆ, ಆಮೇಲೆ ಎರಡು ತಿಂಗಳು ಖಾಲಿ. ಆರ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಗ್ರಾಫ್ ಹಾಕಿದ್ರೆ ಎಲ್ಲಾ ಚುಕ್ಕೆನೂ ಒಂದೇ ದೂರದಲ್ಲಿ ಬರ್ತಿದೆ, ಸಾಲದ್ದಕ್ಕೆ ನವೆಂಬರ್ ಅಳತೆ ಮಾರ್ಚ್‌ಗಿಂತ ಮುಂಚೆ ಬಂದು ಕೂತಿದೆ. ಏನು ಮಾಡ್ಲಿ?

ಉತ್ತರ: ನವೆಂಬರ್ ಮುಂಚೆ ಬಂದಿದೆ ಅಂದ್ರಲ್ಲ, ಅದರಲ್ಲೇ ಗೊತ್ತಾಗತ್ತೆ, ನಿಮ್ಮ ತಾರೀಖಿನ ಕಾಲಮ್ ಇನ್ನೂ ಬರೀ ಅಕ್ಷರಗಳಾಗೇ ಇದೆ, ಸಾಫ್ಟ್‌ವೇರಿಗೆ ಅದು ತಾರೀಖು ಅಂತ ಗೊತ್ತೇ ಇಲ್ಲ. ಅಕ್ಷರದ ಲೆಕ್ಕದಲ್ಲಿ ಜೋಡಿಸಿದ್ರೆ 02/11/2023 ಅನ್ನೋದು 05/03/2023ಕ್ಕಿಂತ ಮೊದಲು ಬರತ್ತೆ, ಯಾಕಂದ್ರೆ 02 ಅನ್ನೋದು 05ಕ್ಕಿಂತ ಮೊದಲು. ಚುಕ್ಕೆಗಳು ಸಮ ದೂರದಲ್ಲಿ ಇರೋದಕ್ಕೂ ಅದೇ ಕಾರಣ, ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರಿಗೂ ಇನ್ನೊಂದಕ್ಕೂ ಇಷ್ಟು ದಿನ ಅಂತ ಅಂತರ ಇರಲ್ಲ ನೋಡಿ.

ಹಾಗಾಗಿ ಮೊದಲು ಆಸ್-ಡೇಟ್ ಫಂಕ್ಷನ್ ಬಳಸಿ ಅದನ್ನ ನಿಜವಾದ ತಾರೀಖು ಮಾಡ್ಕೊಳ್ಳಿ, ಆದ್ರೆ ಫಾರ್ಮ್ಯಾಟ್, ಅಂದ್ರೆ ದಿನ, ತಿಂಗಳು, ವರ್ಷ ಯಾವ ಕ್ರಮದಲ್ಲಿದೆ ಅನ್ನೋದನ್ನ ಕೊಡದೆ ಓಡಿಸ್ಬೇಡಿ. ಫಾರ್ಮ್ಯಾಟ್ ಕೊಡದಿದ್ರೆ ಆರ್ ವರ್ಷನೇ ಮೊದಲಿದೆ ಅಂದ್ಕೊಂಡು 05/03/2023ನ ಇಸವಿ 5ರ ಮಾರ್ಚ್ 20 ಅಂತ ಓದ್ಕೊಳ್ಳತ್ತೆ, ಎರರ್ ಕೂಡ ಕೊಡಲ್ಲ. ಫಾರ್ಮ್ಯಾಟ್ ಕೊಡುವಾಗ್ಲೂ ವರ್ಷಕ್ಕೆ ದೊಡ್ಡ ವೈ ಅಕ್ಷರನೇ ಹಾಕಿ, ಚಿಕ್ಕ ವೈ ಅಂದ್ರೆ ಎರಡಂಕಿಯ ವರ್ಷ, 2023ರಲ್ಲಿ ಮೊದಲ 20 ಅಷ್ಟೇ ತಗೊಂಡು ನಿಮ್ಮ ಎಲ್ಲಾ ಅಳತೆನೂ 2020ಕ್ಕೆ ತಳ್ಳಿಬಿಡತ್ತೆ, ಗ್ರಾಫ್ ಮಾತ್ರ ನೋಡೋಕೆ ಸರಿಯಾಗೇ ಇರತ್ತೆ. ಅದಕ್ಕೇ ಬದಲಾಯಿಸಿದ ತಕ್ಷಣ ಕಾಲಮ್‌ನ ಅತಿ ಹಳೇ ತಾರೀಖು, ಅತಿ ಹೊಸ ತಾರೀಖು ಎರಡನ್ನೂ ಪ್ರಿಂಟ್ ಮಾಡಿ ಕಣ್ಣಾರೆ ನೋಡಿ, ಆಮೇಲೆ ಮುಂದಿನ ಕೆಲಸ.

ಫೈಲು ಎಕ್ಸೆಲ್‌ನಿಂದ ಬಂದಿದ್ದು, ತಾರೀಖಿನ ಜಾಗದಲ್ಲಿ 44990 ಥರ ನಂಬರ್ ಕಂಡ್ರೆ ಗಾಬರಿ ಬೇಡ, ಡೇಟಾ ಕೆಟ್ಟಿಲ್ಲ. ಒಂದೊಂದು ಸಾಫ್ಟ್‌ವೇರೂ ಒಂದೊಂದು ದಿನದಿಂದ ಎಣಿಸತ್ತೆ. ಅದೇ 2023ರ ಮಾರ್ಚ್ 5 ಎಕ್ಸೆಲ್‌ಗೆ 44990, ಆರ್ 1970ರ ಜನವರಿ 1ರಿಂದ ಎಣಿಸೋದ್ರಿಂದ ಅದಕ್ಕೆ 19421, ಸ್ಟಾಟಾ 1960ರ ಜನವರಿ 1ರಿಂದ ಶುರು ಮಾಡೋದ್ರಿಂದ ಅಲ್ಲಿ 23074. ಎಕ್ಸೆಲ್ ನಂಬರನ್ನ ಆರ್‌ಗೆ ತರುವಾಗ ಆರಂಭದ ದಿನ 1899ರ ಡಿಸೆಂಬರ್ 30 ಅಂತ ಕೊಟ್ರೆ ಸರಿಹೋಗತ್ತೆ.

ಇನ್ನೊಂದು, ಕಾಲದ ಸರಣಿ ಇಡೋಕೆ ಆರ್‌ನಲ್ಲಿರೋ ಟಿಎಸ್ ಅನ್ನೋ ಆಬ್ಜೆಕ್ಟ್ ನಿಮ್ಮ ಡೇಟಾಗೆ ಆಗಿಬರಲ್ಲ, ಅದು ಪ್ರತಿ ಅಳತೆ ನಡುವೆ ಸಮಾನ ಕಾಲ ಇದೆ ಅಂತಲೇ ನಂಬ್ಕೊಂಡಿರತ್ತೆ. ಆರ್‌ನ ಜೂ ಪ್ಯಾಕೇಜ್ ಇದಕ್ಕೇ ಇರೋದು, ಪ್ರತಿ ಬೆಲೆಗೂ ಅದರದೇ ತಾರೀಖು ಅಂಟಿಕೊಂಡಿರತ್ತೆ. ಗ್ರಾಫಲ್ಲಿ ಬರೀ ಗೆರೆ ಎಳೀಬೇಡಿ, ಅಳೆದ ದಿನಗಳಿಗೆ ಚುಕ್ಕೆ ಇಡ್ಲೇಬೇಕು, ಇಲ್ಲಾಂದ್ರೆ ಎರಡು ತಿಂಗಳ ನೇರ ಗೆರೆ ನೋಡಿದೋರು ಅಷ್ಟೂ ದಿನ ಅಳೆದಿದಾರೆ ಅಂತಲೇ ತಿಳ್ಕೊಳ್ತಾರೆ.

ಪ್ರಶ್ನೆ: ಸ್ಟಾಟಾದಲ್ಲಿ ಟಿಎಸ್‌ಸೆಟ್ ಕೊಟ್ಟು ತಾರೀಖಿನ ಕಾಲಮ್ ಯಾವುದು ಅಂತ ಹೇಳಿ, ಟಿಎಸ್‌ಲೈನ್‌ನಿಂದ ಗೆರೆಯ ಗ್ರಾಫ್ ಹಾಕ್ತೀನಿ. ಅಳತೆ ಇಲ್ಲದ ತಿಂಗಳುಗಳ ಮೇಲೂ ಗೆರೆ ಹಾದುಹೋಗತ್ತೆ. ಅಲ್ಲಿ ಕಟ್ ಆಗೋ ಹಾಗೆ ಮಾಡೋದು ಹೇಗೆ?

ಉತ್ತರ: ಆ ದಿನಗಳಿಗೆ ಫೈಲಲ್ಲಿ ಸಾಲೇ ಇಲ್ಲ, ಹಾಗಾಗಿ ಸ್ಟಾಟಾ ಇರೋ ಎರಡು ಚುಕ್ಕೆನ ಸೇರಿಸಿಬಿಡತ್ತೆ. ಟಿಎಸ್‌ಫಿಲ್ ಕೊಟ್ಟು ಖಾಲಿ ಸಾಲು ಸೇರಿಸಿ, ಗ್ರಾಫಿಗೆ ಸಿ-ಮಿಸ್ಸಿಂಗ್ ಆಪ್ಷನ್‌ನಲ್ಲಿ ಎನ್ (ಖಾಲಿ ಇರೋ ಕಡೆ ಗೆರೆ ಸೇರಿಸ್ಬೇಡ ಅಂತ ಅರ್ಥ) ಹಾಕಿ ಅಂತ ಸಾಮಾನ್ಯವಾಗಿ ಹೇಳ್ತಾರೆ, ದಿನಾ ಅಳೆಯೋ ಡೇಟಾದಲ್ಲಿ ಮಧ್ಯೆ ಕೆಲವು ದಿನ ತಪ್ಪಿದ್ರೆ ಅದು ಚೆನ್ನಾಗೇ ಕೆಲಸ ಮಾಡತ್ತೆ. ನಿಮ್ಮದು ಹತ್ತು ದಿನಕ್ಕೊಮ್ಮೆ, ಇಪ್ಪತ್ತು ದಿನಕ್ಕೊಮ್ಮೆ ಅಳೆದಿರೋದಾದ್ರೆ ಮಾತ್ರ ಪ್ರತಿ ಅಳತೆಯ ಅಕ್ಕಪಕ್ಕ ಖಾಲಿ ದಿನಗಳೇ ತುಂಬ್ಕೊಂಡು, ಒಂದಕ್ಕೊಂದು ಸೇರೋಕೆ ಜೊತೆ ಸಿಗದೆ ಗೆರೆ ಪೂರ್ತಿ ಮಾಯ ಆಗತ್ತೆ. ಅಂಥ ಕಡೆ ಟಿಎಸ್‌ಫಿಲ್ ಬಿಟ್ಟು, ಎಷ್ಟು ದಿನದ ಗ್ಯಾಪ್ ಆದ್ರೆ ಗೆರೆ ಕಟ್ ಆಗ್ಬೇಕು ಅಂತ ನೀವೇ ತೀರ್ಮಾನ ಮಾಡಿ, ಉದಾಹರಣೆಗೆ 45 ದಿನ ಅಂದ್ಕೊಳ್ಳಿ, ಅದಕ್ಕಿಂತ ದೊಡ್ಡ ಗ್ಯಾಪ್ ಇರೋ ಕಡೆ ಮಾತ್ರ ಮಧ್ಯದ ಒಂದು ತಾರೀಖಿಗೆ ಖಾಲಿ ಸಾಲು ಹಾಕಿ ಅದೇ ಆಪ್ಷನ್ ಕೊಡಿ. ಆ 45 ದಿನ ಅನ್ನೋದನ್ನ ಚಿತ್ರದ ಕೆಳಗೆ ಬರೀರಿ. ಆರ್‌ನಲ್ಲೂ ಇದೇ ಉಪಾಯ ನಡೆಯತ್ತೆ.

ಪ್ರಶ್ನೆ: ಎಕ್ಸೆಲ್‌ನಲ್ಲಿ ಇದಾಗಲ್ವಾ?

ಉತ್ತರ: ಆಗತ್ತೆ. ಸ್ಕ್ಯಾಟರ್ ಚಾರ್ಟ್ ಹಾಕಿ, ಇಲ್ಲಾ ಲೈನ್ ಚಾರ್ಟೇ ಬೇಕಂದ್ರೆ ಕೆಳಗಿನ ಆಕ್ಸಿಸ್ ಟೆಕ್ಸ್ಟ್‌ನಲ್ಲಿದ್ರೆ ಡೇಟ್‌ಗೆ ಬದಲಾಯಿಸಿ.

ಪ್ರಶ್ನೆ: ಖಾಲಿ ತಿಂಗಳುಗಳನ್ನ ಇಂಟರ್‌ಪೊಲೇಟ್ ಮಾಡಿ, ಅಂದ್ರೆ ಅಕ್ಕಪಕ್ಕದ ಅಳತೆಯಿಂದ ಅಂದಾಜು ಮಾಡಿ ತುಂಬಿ, ತಿಂಗಳ ಸರಣಿ ಮಾಡ್ಕೊಂಡು ಅರಿಮಾ (ಹಿಂದಿನ ಬೆಲೆಗಳಿಂದ ಮುಂದಿನದನ್ನ ಅಂದಾಜಿಸೋ) ಮಾಡೆಲ್ ಹಾಕು ಅಂತ ನಮ್ಮ ಗೈಡ್ ಹೇಳಿದಾರೆ. ಸರಿನಾ?

ಉತ್ತರ: ತಿಂಗಳ ಸರಾಸರಿ ತಗೊಳ್ಳೋದು ತಪ್ಪಲ್ಲ, ಆದ್ರೆ ಖಾಲಿ ತಿಂಗಳು ತುಂಬೋದು ಮಾತ್ರ ಬೇಡ. ಎರಡು ಅಳತೆ ನಡುವೆ ನೇರ ಗೆರೆ ಎಳೆದು ಬೆಲೆ ತುಂಬಿದ್ರೆ ಆ ಬೆಲೆಗಳು ಹುಟ್ಟಿರೋದೇ ಅಕ್ಕಪಕ್ಕದ ಅಳತೆಗಳಿಂದ, ಹಾಗಾಗಿ ಒಂದಕ್ಕೊಂದು ಸಂಬಂಧ ಜೋರಾಗಿ ಕಾಣತ್ತೆ, ಏರಿಳಿತ ಇದ್ದಿದ್ದಕ್ಕಿಂತ ಕಮ್ಮಿ ಕಾಣತ್ತೆ, ಮಾಡೆಲ್ ಅದನ್ನೇ ಬಾವಿಯ ಸ್ವಭಾವ ಅಂತ ಕಲಿಯತ್ತೆ. ಆರ್‌ನ ಅರಿಮಾ ಫಂಕ್ಷನ್‌ಗೆ ಮಧ್ಯೆ ಖಾಲಿ ಬೆಲೆ ಇದ್ರೂ ತೊಂದ್ರೆ ಇಲ್ಲ, ಒಳಗೆ ಕಾಲ್ಮನ್ ಫಿಲ್ಟರ್ ಅನ್ನೋ ಲೆಕ್ಕದ ವಿಧಾನ ಬಳಸಿ ಅದೇ ನಿಭಾಯಿಸತ್ತೆ, ಇದನ್ನ ನಿಮ್ಮ ಗೈಡ್‌ಗೆ ತೋರಿಸಿ, ಒಪ್ತಾರೆ. ಬರೀ ವರ್ಷದ ಏರಿಳಿತದ ಆವರ್ತ ಹುಡುಕೋದಷ್ಟೇ ನಿಮ್ಮ ಉದ್ದೇಶ ಆಗಿದ್ರೆ ಲಾಂಬ್-ಸ್ಕಾರ್ಗಲ್ ಪೀರಿಯಡೋಗ್ರಾಮ್ (ಯಾವ ಆವರ್ತ ಎಷ್ಟು ಜೋರಾಗಿದೆ ಅಂತ ತೋರಿಸೋ ಗ್ರಾಫ್) ನೋಡಿ, ಖಗೋಳ ವಿಜ್ಞಾನಿಗಳು ಮೋಡ, ಹಗಲು ಅಂತ ಮಧ್ಯೆ ಮಧ್ಯೆ ಬಿಟ್ಟುಹೋದ ಡೇಟಾಗೆ ತುಂಬಾ ಬಳಸೋ ವಿಧಾನ ಅದು, ಸರಾಸರಿ ಕೂಡ ಬೇಡ, ಅಳೆದ ತಾರೀಖುಗಳನ್ನ ಇದ್ದ ಹಾಗೇ ಕೊಡಬಹುದು.