ಡಾರ್ವಿನ್‌ನ ವಿಕಾಸವಾದ ಜನರ ನಂಬಿಕೆಯನ್ನು ನಿಜವಾಗಿಯೂ ಅಲುಗಾಡಿಸಿತಾ?

ಅಲುಗಾಡಿಸಿತು. ಆದರೆ ‘ಮನುಷ್ಯ ಮಂಗನಿಂದ ಬಂದ’ ಅನ್ನುವ ಮಾತಿಗಿಂತ ಆಳಕ್ಕೆ ಇಳಿದದ್ದು ಬೇರೆ. (ಇಂದಿನ ಮಂಗಗಳಿಂದ ಬಂದೆವು ಅಂತ ಡಾರ್ವಿನ್ ಹೇಳಿಯೂ ಇಲ್ಲ ಬಿಡಿ, ಇಬ್ಬರ ಪೂರ್ವಜರೂ ಒಂದೇ, ಅಷ್ಟೆ.) ಡಾರ್ವಿನ್‌ನ ಪುಸ್ತಕ ಬಂದ 1859ಕ್ಕೆ ಮುಂಚೆ, ಕಣ್ಣಿನಂಥ ನಾಜೂಕಾದ ಅಂಗವನ್ನು ಯಾರೋ ಯೋಚಿಸಿಯೇ ಮಾಡಿರಬೇಕು ಅಂತ ಹೆಚ್ಚಿನವರು ನಂಬಿದ್ದರು. ಸಣ್ಣ ಸಣ್ಣ ವ್ಯತ್ಯಾಸ, ಬದುಕುಳಿದವುಗಳ ಸಂತತಿ, ಜೊತೆಗೆ ಲಕ್ಷಾಂತರ ವರ್ಷ ಇದ್ದರೆ ಸಾಕು ಅಂದ ಡಾರ್ವಿನ್.

1860ರಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಒಂದು ಜಾತಿಯ ಕಣಜದ ಮಾತು ಬರುತ್ತದೆ. ಅದರ ಮರಿಗಳು ಜೀವಂತ ಕಂಬಳಿಹುಳುವಿನ ಒಳಗೇ ಇದ್ದು ಅದನ್ನು ತಿಂದು ಬೆಳೆಯುತ್ತವೆ. ದಯಾಮಯ ದೇವರು ಇದನ್ನು ಬೇಕಂತಲೇ ಸೃಷ್ಟಿಸಿದ ಅಂತ ಹೇಗೆ ನಂಬಲಿ ಅನ್ನುವುದು ಅವನ ಸಂಕಟ. ಮಜಾ ಏನಂದ್ರೆ, ಗ್ರೇ ದೈವಭಕ್ತನಾಗಿದ್ದುಕೊಂಡೇ ಡಾರ್ವಿನ್ ಪರ ವಾದಿಸಿದ.

ಸಮಾಜದ ಕಥೆ ಮಾತ್ರ ಕೆಟ್ಟದ್ದು. ಡಾರ್ವಿನ್‌ನ ಸಂಬಂಧಿ ಗಾಲ್ಟನ್ ‘ಒಳ್ಳೆ ತಳಿ’ಯ ಮನುಷ್ಯರನ್ನು ಬೆಳೆಸುವ ವಾದ ಹುಟ್ಟುಹಾಕಿದ. ಅದೇ ವಾದದ ಮೇಲೆ 1907ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕಾನೂನೇ ಬಂತು. ನನ್ನ ಪ್ರಕಾರ ಇದು ವಿಜ್ಞಾನದ ಹೆಸರು ಹಚ್ಚಿದ ಹಳೇ ಅಹಂಕಾರ.

ಇನ್ನು ಚರ್ಚ್‌ಗಳು? ಎಲ್ಲವೂ ಒಂದೇ ಥರ ಇಲ್ಲ. 1925ರಲ್ಲಿ ಅಮೆರಿಕದ ಟೆನೆಸಿಯ ಒಬ್ಬ ಮೇಷ್ಟ್ರಿಗೆ ವಿಕಾಸವಾದ ಕಲಿಸಿದ್ದಕ್ಕೆ ದಂಡ ಬಿತ್ತು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಅದು ಬರೀ ಊಹೆಯಲ್ಲ ಅಂತ ಒಪ್ಪಿಕೊಂಡರು.