ಉಲ್ಲೇಖ ಹನ್ನೊಂದೇ ಇದ್ದರೆ ಸಂಶೋಧನೆ ಬಿಡಬೇಕೆ?

ನಿಮ್ಮ ಪ್ರಶ್ನೆ ಇದು: ಪುಣೆಯಲ್ಲಿ ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ ಪಿಎಚ್.ಡಿ. ಮುಗಿಸಿ ನಾಲ್ಕು ವರ್ಷವಾಯಿತು, ಐದು ಪ್ರಬಂಧಗಳಿಗೆ ಬೇರೆ ಸಂಶೋಧಕರ ಬರಹಗಳಲ್ಲಿ ಒಟ್ಟು 11 ಉಲ್ಲೇಖ ಸಿಕ್ಕಿವೆ, ಸಂದರ್ಶನದಲ್ಲಿ ಎಚ್-ಇಂಡೆಕ್ಸ್ (ಉಲ್ಲೇಖಗಳಿಂದ ಲೆಕ್ಕ ಹಾಕುವ ಸೂಚ್ಯಂಕ) 2 ಎಂದೊಡನೆ ಮುಂದಿನವರನ್ನು ಕರೆದರು, ಈ ದಾರಿಯನ್ನೇ ಬಿಡಲೇ?

ಬಿಡಬೇಡಿ. ಮುಂಬೈಯಲ್ಲಿ ಇದೇ ವಿಷಯವನ್ನು ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿರುವವನಾಗಿ ಹೇಳುತ್ತಿದ್ದೇನೆ.

ನನ್ನ ಮೊದಲ ಪ್ರಬಂಧ ಮಾಟುಂಗ ಮತ್ತು ಫೋರ್ಟ್‌ನ ಉಡುಪಿ ಹೋಟೆಲುಗಳ ಕೆಲಸಗಾರರನ್ನು ಕುರಿತದ್ದು. ರಾತ್ರಿ ಹನ್ನೊಂದರ ಮೇಲೆ, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟು ನೆಲ ತೊಳೆಯುವ ಹೊತ್ತಿಗೆ, ಪ್ರಶ್ನಾವಳಿ ಹಿಡಿದು ಹೋಗುತ್ತಿದ್ದೆ. 'ಈ ಕೆಲಸ ನನಗೆ ತೃಪ್ತಿ ತಂದಿದೆ' ಎಂಬ ಸಾಲಿಗೆ 1ರಿಂದ 5ರೊಳಗೆ ಒಂದು ಗುರುತು ಹಾಕಬೇಕು. ಬೈಂದೂರು ಕಡೆಯ ದೋಸೆ ಹುಯ್ಯುವವರೊಬ್ಬರು ಎಲ್ಲ ಸಾಲಿಗೂ 5 ಹಾಕಿದರು. ಧಣಿ ಗಲ್ಲಾದಲ್ಲೇ ಕುಳಿತಿದ್ದರು. ಆಮೇಲೆ ಮೆಟ್ಟಿಲ ಬಳಿ ನಿಂತು ಆ ದೋಸೆಯವರೇ ಹೇಳಿದರು: "ಮುಂದಿನ ತಿಂಗಳು ನಾಟಿಗೆ ಊರಿಗೆ ಹೋಗುತ್ತೇನೆ ಸರ್, ಚೌತಿ ಮುಗಿಸಿ ಬರುತ್ತೇನೆ." ಹಾಜರಿ ಪುಸ್ತಕ ತೆರೆದು ನೋಡಿದರೆ ಅವರು ಏಳು ಸಲ ಕೆಲಸ ಬಿಟ್ಟಿದ್ದರು, ಏಳು ಸಲ ಹೊಸದಾಗಿ ಸೇರಿದ್ದರು. ಅದೇ ಹೋಟೆಲು, ಅದೇ ಕಾವಲಿ.

ಪಠ್ಯಪುಸ್ತಕದ ಸೂತ್ರ ಇದನ್ನು ನೌಕರರ ಬಿಟ್ಟುಹೋಗುವಿಕೆ ಎಂದು ಎಣಿಸುತ್ತದೆ. ಇದು ಬಿಟ್ಟುಹೋಗುವುದಲ್ಲ, ಹೋಗಿ ಬರುವುದು ಎಂಬುದೇ ನನ್ನ ಪ್ರಬಂಧದ ವಾದ. ವರ್ಷಗಳ ನಂತರ ಅದಕ್ಕೆ ಸಿಕ್ಕ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ಓದಿದೆ. ಅರ್ಧಕ್ಕಿಂತ ಹೆಚ್ಚಿನವರು ಬರೆದದ್ದು ಇಷ್ಟೇ: 'ಭಾರತದ ಹೋಟೆಲುಗಳಲ್ಲಿ ಕೆಲಸಗಾರರು ಪದೇ ಪದೇ ಕೆಲಸ ಬಿಡುತ್ತಾರೆ', ಪಕ್ಕದಲ್ಲಿ ನನ್ನ ಹೆಸರು. ನಾನು ಅಲ್ಲಗಳೆದ ಮಾತಿಗೇ ನನ್ನನ್ನು ಸಾಕ್ಷಿ ಮಾಡಿದ್ದರು. ಅಂದು ನಿಜವಾಗಿ ನೊಂದುಕೊಂಡೆ. ಉಲ್ಲೇಖ ಎಣಿಸುವ ಗೂಗಲ್ ಸ್ಕಾಲರ್‌ಗೆ ಅವೆಲ್ಲವೂ ಒಂದೊಂದು ಅಂಕ. ಅವುಗಳ ನಡುವೆ ಗೋವಾದ ಸಂಶೋಧಕಿಯೊಬ್ಬರ ಪ್ರಬಂಧವೂ ಇತ್ತು. 'ಊರಿನಿಂದ ಮರಳಿ ಯಾವ ಅಡುಗೆಮನೆಗೆ ಬಂದಿರಿ?' ಎಂಬ ನನ್ನ ಪ್ರಶ್ನೆಯನ್ನೇ ಅಲ್ಲಿನ ಹೋಟೆಲುಗಳಲ್ಲಿ ಕೇಳಿ, ನನ್ನ ತೀರ್ಮಾನ ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ ಎಂದು ತೋರಿಸಿದ್ದರು. ಅದಕ್ಕೂ ಒಂದೇ ಅಂಕ. ನನ್ನ ಮಟ್ಟಿಗೆ ಉಳಿದವೆಲ್ಲ ಒಂದು ತೂಕ, ಅದೊಂದೇ ಒಂದು ತೂಕ.

ನಮ್ಮ ಕ್ಷೇತ್ರದ ದೊಡ್ಡ ಹೆಸರುಗಳ ವಿಷಯವೂ ಹೀಗೆಯೇ. ಮಾರ್ಕ್ ಹ್ಯೂಸೆಲಿಡ್ 1995ರಲ್ಲಿ ಅಮೆರಿಕದ ಸುಮಾರು ಸಾವಿರ ಕಂಪನಿಗಳ ಮಾಹಿತಿ ಹಿಡಿದು, ಉತ್ತಮ ಎಚ್‌ಆರ್ (ಮಾನವ ಸಂಪನ್ಮೂಲ) ಪದ್ಧತಿಗಳಿರುವಲ್ಲಿ ಕೆಲಸ ಬಿಡುವವರು ಕಡಿಮೆ, ಉತ್ಪಾದಕತೆ, ಲಾಭ ಹೆಚ್ಚು ಎಂದು ತೋರಿಸಿದರು. ಆ ಒಂದೇ ಪ್ರಬಂಧದ ಉಲ್ಲೇಖಗಳು ಹತ್ತು ಸಾವಿರ ದಾಟಿವೆ. ಒಳ್ಳೆಯ ಎಚ್‌ಆರ್‌ನಿಂದ ಲಾಭ ಬರುತ್ತದೆಯೋ, ಲಾಭವಿರುವ ಕಂಪನಿಗೆ ಒಳ್ಳೆಯ ಎಚ್‌ಆರ್ ಕೈಗೆಟುಕುತ್ತದೆಯೋ ಎಂದು ಅದನ್ನು ಪ್ರಶ್ನಿಸಿದವರೂ ಆ ಎಣಿಕೆಯಲ್ಲಿದ್ದಾರೆ. ನನಗೆ ಆ ಪ್ರಬಂಧದ ಮೇಲೆ ಗೌರವವಿರುವುದು ಅದು ಎಬ್ಬಿಸಿದ ಈ ಜಗಳಕ್ಕಾಗಿ.

ಇನ್ನು ಎಚ್-ಇಂಡೆಕ್ಸ್. ಅದನ್ನು 2005ರಲ್ಲಿ ರೂಪಿಸಿದ ಹೋರ್ಹೆ ಹಿರ್ಷ್ ಭೌತವಿಜ್ಞಾನಿ. ಕನಿಷ್ಠ ಎರಡು ಸಲ ಉಲ್ಲೇಖಗೊಂಡ ಎರಡು ಪ್ರಬಂಧಗಳಿದ್ದರೆ ಸೂಚ್ಯಂಕ 2. ನೀವು ಬರೆದಿರುವುದು ಐದೇ ಪ್ರಬಂಧ. ಒಂದೊಂದಕ್ಕೂ ಸಾವಿರ ಉಲ್ಲೇಖ ಬಂದರೂ ಅದು 5ನ್ನು ದಾಟುವಂತಿಲ್ಲ. ನಾಲ್ಕು ವರ್ಷದ ಸಂಶೋಧಕರನ್ನು ಇದರಿಂದ ಅಳೆಯುವುದು ತಪ್ಪು, ಸಂದರ್ಶನ ಮಂಡಳಿಯೇ ಅಳೆದರೂ ತಪ್ಪೇ.

ಸಂಖ್ಯೆ ಏರಿಸಲು ಹಣ ಕಟ್ಟಿಸಿಕೊಂಡು ವಾರದಲ್ಲಿ ಅಚ್ಚು ಹಾಕುವ ನಿಯತಕಾಲಿಕೆಗಳ ಬಾಗಿಲಿಗೆ ಮಾತ್ರ ಹೋಗಬೇಡಿ. ನಿಮ್ಮ ಊರಿನದೇ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು, ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪಟ್ಟಿ ಸೇರಿದ್ದ 1,009 ನಿಯತಕಾಲಿಕೆಗಳನ್ನು ಪರಿಶೀಲಿಸಿ, ಶೇ. 88ರಷ್ಟು ಕಳಪೆ ಎಂದು 2018ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಒಮ್ಮೆ ಅಂಥದ್ದರಲ್ಲಿ ಹೆಸರು ಬಂದರೆ ಅಳಿಸಲು ಬಾರದು.

ಉಲ್ಲೇಖದ ಎಣಿಕೆಗೆ ಸಿಗದ ಪ್ರಭಾವವೂ ಇರುತ್ತದೆ, ಅದಕ್ಕೆ ಮುಂಬೈಯದೇ ಉದಾಹರಣೆ ಇದೆ. 1970ರ ದಶಕದಲ್ಲಿ ನಿರ್ವಹಣಾ ಶಾಸ್ತ್ರದ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಲಾರ್ಸೆನ್ ಅಂಡ್ ಟೂಬ್ರೊ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆಯೊಂದನ್ನು ರೂಪಿಸಿಕೊಟ್ಟರು. ಅದು ಕಂಪನಿಗೆ ಸಲ್ಲಿಸಿದ ವರದಿ. ಇಂದು ದೇಶದ ಎಷ್ಟೋ ಕಚೇರಿಗಳಲ್ಲಿ 'ಎಚ್‌ಆರ್‌ಡಿ' ಎಂಬ ಫಲಕ ತೂಗುವುದರ ಹಿಂದೆ ಆ ಕೆಲಸವಿದೆ.

ಈ ಭಾನುವಾರ ನಿಮ್ಮ 11 ಉಲ್ಲೇಖಗಳನ್ನೂ ತೆರೆದು, ನಿಮ್ಮ ಹೆಸರು ಬಂದಿರುವ ವಾಕ್ಯವನ್ನು ಹಿಂದುಮುಂದಿನ ಸಾಲುಗಳ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾರು ಸುಮ್ಮನೆ ಹೆಸರು ಹೇಳಿದ್ದಾರೆ, ಯಾರು ನಿಮ್ಮ ಮಾತಿನ ಮೇಲೆ ತಮ್ಮದೊಂದು ಇಟ್ಟಿಗೆ ಇಟ್ಟಿದ್ದಾರೆ ಎಂದು ಗುರುತು ಮಾಡಿ. ಇಟ್ಟಿಗೆ ಇಟ್ಟವರು ಇಬ್ಬರೇ ಇದ್ದರೂ ಸಾಕು, ಅವರಿಗೆ ಪತ್ರ ಬರೆಯಿರಿ. ಮುಂದಿನ ಸಂದರ್ಶನಕ್ಕೆ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.